ಪುಟ್ಟ ಮಕ್ಕಳ ಆಟದ ಮೈದಾನ: ಮೊದಲು ನೆಲ ನೋಡಿ, ಆಮೇಲೆ ಜಾರುಬಂಡಿ

ಹೊಸ ಆಟದ ಮೈದಾನಕ್ಕೆ ಕಾಲಿಟ್ಟ ಕೂಡಲೇ ದೊಡ್ಡವರ ಕಣ್ಣೂ ಬಣ್ಣದ ಜಾರುಬಂಡಿ, ಜೋಕಾಲಿಗಳ ಮೇಲೇ ಹೋಗುತ್ತದೆ. ಆದರೆ ಮೊದಲು ನೋಡಬೇಕಾದದ್ದು ಅವುಗಳ ಕೆಳಗಿನ ನೆಲ. ಮೈದಾನದಲ್ಲಿ ಮಕ್ಕಳಿಗೆ ಆಗುವ ಗಾಯಗಳಲ್ಲಿ ಬಹುಪಾಲು ಮೇಲಿಂದ ಕೆಳಗೆ ಬಿದ್ದು ಆಗುವಂಥವು. ಐದು ವರ್ಷದೊಳಗಿನ ಮಗು ಬೀಳದೆ ಆಡುವುದಿಲ್ಲ, ಬೀಳದೆ ಕಲಿಯುವುದೂ ಇಲ್ಲ. ಎಷ್ಟು ಎತ್ತರದಿಂದ ಬೀಳಬಹುದು, ಯಾವುದರ ಮೇಲೆ ಬೀಳುತ್ತದೆ ಎಂಬ ಎರಡು ಸಂಗತಿ ಮಾತ್ರ ನಿಮ್ಮ ಹಿಡಿತದಲ್ಲಿವೆ.

ಸಾಧ್ಯವಾದರೆ ಮೊದಲ ಸಲ ಮಗುವನ್ನು ಬಿಟ್ಟು ನೀವೊಬ್ಬರೇ ಹೋಗಿ ಬನ್ನಿ. ಮಗುವನ್ನು ಯಾವ ಹೊತ್ತಿಗೆ ಕರೆದೊಯ್ಯಬೇಕೆಂದಿದ್ದೀರೋ ಅದೇ ಹೊತ್ತಿಗೆ ಹೋಗಿ. ಬೆಳಗ್ಗೆ ಖಾಲಿಯಿರುವ ಜಾಗ ಸಂಜೆ ದೊಡ್ಡ ಹುಡುಗರ ಓಟದಿಂದ ತುಂಬಿರುತ್ತದೆ. ಹತ್ತು ಗಂಟೆಗೆ ನೆರಳಿದ್ದ ಜಾರುಬಂಡಿ ಮಧ್ಯಾಹ್ನ ಸುಡುತ್ತಿರುತ್ತದೆ. ಜೊತೆಗೆ ಒಂದು ಅಳತೆ ಟೇಪು, 30 ಸೆಂ.ಮೀ. ಉದ್ದದ ತೆಳುವಾದ ಕಡ್ಡಿ, ಒಂದು ನಾಣ್ಯ ಇರಲಿ. ಇಡೀ ತಪಾಸಣೆಗೆ ಕಾಲು ಗಂಟೆ ಸಾಕು.

ನೆಲ

ಕಾಂಕ್ರೀಟು, ಡಾಂಬರು, ಕಲ್ಲುಚಪ್ಪಡಿ ಇರುವ ಕಡೆ ಹತ್ತುವ ಸಾಧನ ಇದ್ದರೆ ಆ ಸಾಧನವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹುಲ್ಲೂ ಬರಿ ಮಣ್ಣೂ ನೋಡಲು ಮೆತ್ತಗೆ ಕಂಡರೂ ಭರವಸೆಗೆ ಸಾಲವು. ಜೋಕಾಲಿಯ ಕೆಳಗಿನ ಹುಲ್ಲು ಬೇಗನೆ ಸವೆದುಹೋಗುತ್ತದೆ, ಅಡಿಯ ಮಣ್ಣು ತುಳಿದು ತುಳಿದು ಗಟ್ಟಿಯಾಗುತ್ತದೆ.

ಬಿದ್ದಾಗ ಪೆಟ್ಟನ್ನು ಹೀರಿಕೊಳ್ಳುವುದು ಸಡಿಲವಾಗಿ ತುಂಬಿದ ಮರಳು, ನುಣುಪಾದ ಸಣ್ಣ ಜಲ್ಲಿ, ಮರದ ಚಕ್ಕೆ ಅಥವಾ ಅದಕ್ಕೆಂದೇ ಮಾಡಿದ ರಬ್ಬರು ಹಾಸು. ಇವೆಲ್ಲ ಒಂದೇ ಸಮವಲ್ಲ. ತುಳಿದು ಕೂತ ಮೇಲೂ 23 ಸೆಂ.ಮೀ. ಆಳ ಉಳಿದಿರುವ ಮರಳು ಸುಮಾರು 1.2 ಮೀಟರ್ ಎತ್ತರದ ಬೀಳುವಿಕೆಗೆ ಸಾಕಾದರೆ, ಅಷ್ಟೇ ಆಳದ ಮರದ ಚಕ್ಕೆ 3 ಮೀಟರ್‌ವರೆಗೂ ತಡೆಯುತ್ತದೆ. ಜಲ್ಲಿ ಮರಳಿಗಿಂತ ತುಸು ಮೇಲು, ಸುಮಾರು ಒಂದೂವರೆ ಮೀಟರ್. ಆದರೆ ಸಿಕ್ಕಿದ್ದನ್ನೆಲ್ಲ ಬಾಯಿಗೆ, ಮೂಗಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗೆ ಜಲ್ಲಿ ಬೇಡ.

ಕಡ್ಡಿಯ ಮೇಲೆ 23 ಸೆಂ.ಮೀ.ಗೆ ಗುರುತು ಹಾಕಿ ನೆಲಕ್ಕೆ ಚುಚ್ಚಿ ನೋಡಿ. ಮೈದಾನದ ನಡುವೆ ಚುಚ್ಚಿದರೆ ಪ್ರಯೋಜನವಿಲ್ಲ. ಜೋಕಾಲಿಯ ಕೆಳಗೆ, ಜಾರುಬಂಡಿ ಮುಗಿಯುವಲ್ಲಿ, ಏಣಿಯ ಬುಡದಲ್ಲಿ ಚುಚ್ಚಬೇಕು. ಮಕ್ಕಳ ಕಾಲು ಎಳೆದಾಡಿ ಮರಳು ಪಕ್ಕಕ್ಕೆ ಸರಿದು ಗುಂಡಿ ಬೀಳುವುದು ಅಲ್ಲೇ, ಮಗು ಬೀಳುವುದೂ ಅಲ್ಲೇ. ಕಡ್ಡಿ ಅರ್ಧಕ್ಕೇ ಗಟ್ಟಿ ನೆಲಕ್ಕೆ ತಾಗಿದರೆ ಸುತ್ತಲಿನ ಮರಳನ್ನು ಕಾಲಿನಿಂದ ಎಳೆದು ಗುಂಡಿ ತುಂಬಿಸಿ, ಆಮೇಲೆ ಮಗುವನ್ನು ಬಿಡಿ. ಮಳೆ ನಿಂತ ಮರುದಿನ ಮರಳು ಹೆಪ್ಪುಗಟ್ಟಿದಂತೆ ಇರುತ್ತದೆ; ಮುಷ್ಟಿಗೆ ಸಡಿಲವಾಗಿ ಸಿಗದಿದ್ದರೆ ಆಳ ಎಷ್ಟಿದ್ದರೂ ಅದು ಪೆಟ್ಟು ತಡೆಯುವುದಿಲ್ಲ. ರಬ್ಬರು ಹಾಸಾದರೆ ಅಂಚು ಎದ್ದಿರುವ, ಕೀಲು ಬಿಟ್ಟಿರುವ ಜಾಗಗಳನ್ನು ನೋಡಿ. ಎಡವಿ ಬೀಳಲು ಎರಡು ಬೆರಳಿನಷ್ಟು ಎತ್ತರ ಸಾಕು. ಕಂಬಗಳ ಬುಡದ ಕಾಂಕ್ರೀಟು ಮೇಲೆ ಕಾಣುತ್ತಿದ್ದರೆ, ಅಲ್ಲಿಂದ ಎಷ್ಟು ಮರಳು ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಮೆತ್ತನೆಯ ನೆಲ ಸಾಧನದ ಅಡಿಗಷ್ಟೇ ಇದ್ದರೆ ಸಾಲದು. ಪ್ರತಿ ಬದಿಗೂ 1.8 ಮೀಟರ್ ಚಾಚಿರಬೇಕು, ಆ ಜಾಗದಲ್ಲಿ ಬೆಂಚು, ಮರದ ಬೇರು, ಕಟ್ಟೆ ಯಾವುದೂ ಇರಬಾರದು.

ಸಂದುಗಳ ಅಳತೆ

ಬೀಳುವುದಕ್ಕಿಂತ ಅಪರೂಪವಾದರೂ ಅದಕ್ಕಿಂತ ಭೀಕರವಾದದ್ದು ತಲೆ ಸಿಕ್ಕಿಕೊಳ್ಳುವುದು. ಮಕ್ಕಳು ಕಂಬಿಗಳ ಸಂದಿನಲ್ಲಿ ಕಾಲು ಮುಂದಾಗಿ ತೂರುತ್ತಾರೆ. ಮೈ ಹೋಗುತ್ತದೆ, ತಲೆ ಹೋಗುವುದಿಲ್ಲ, ಕಾಲು ಗಾಳಿಯಲ್ಲಿ ಜೋತಾಡುತ್ತದೆ. ಇದಕ್ಕೆ ಲೆಕ್ಕ ಸರಳ: ಸುತ್ತಲೂ ಮುಚ್ಚಿದ ಯಾವುದೇ ಸಂದು 9 ಸೆಂ.ಮೀ.ಗಿಂತ ಕಿರಿದಾಗಿರಬೇಕು, ಇಲ್ಲವೇ 23 ಸೆಂ.ಮೀ.ಗಿಂತ ಅಗಲವಾಗಿರಬೇಕು. ನಡುವಿನ ಅಳತೆಯೇ ಅಪಾಯ. ಮನೆಯಲ್ಲೇ ನಿಮ್ಮ ಮುಷ್ಟಿಯ ಅಗಲವನ್ನೂ ಗೇಣನ್ನೂ ಟೇಪಿನಲ್ಲಿ ಅಳೆದುಕೊಂಡರೆ ಮೈದಾನದಲ್ಲಿ ಕೈಯಿಂದಲೇ ನೋಡಿಬಿಡಬಹುದು. ಏಣಿಯ ಮೆಟ್ಟಿಲುಗಳ ನಡುವೆ, ಅಟ್ಟಣಿಗೆಯ ಕಟಕಟೆಯಲ್ಲಿ, ಹಲಗೆ ಕಿತ್ತುಹೋದ ಕಡೆ ಅಳೆಯಿರಿ. ಮುರಿದ ಒಂದು ಕಂಬಿ ಸರಿಯಿದ್ದ ಸಂದನ್ನು ತಲೆ ಸಿಗುವ ಸಂದನ್ನಾಗಿ ಮಾಡುತ್ತದೆ.

ಕೊರಳಿಗೆ ಸಂಬಂಧಿಸಿದ್ದು ಇನ್ನೊಂದಿದೆ. ಟೋಪಿಯಿರುವ ಅಂಗಿಯ ಎಳೆದಾರ, ಶಾಲು, ಸರ, ಕೊರಳಿಗೆ ನೇತುಹಾಕಿದ ನೀರಿನ ಬಾಟಲಿಯ ಪಟ್ಟಿ, ಇವೆಲ್ಲ ಜಾರುಬಂಡಿಯ ತುದಿಯ ಬೋಲ್ಟಿಗೆ ಸಿಕ್ಕಿಕೊಂಡರೆ ಮಗು ಜಾರುವ ವೇಗಕ್ಕೇ ಕೊರಳು ಬಿಗಿಯುತ್ತದೆ. ಗೇಟಿನ ಬಳಿಯೇ ಎಲ್ಲವನ್ನೂ ತೆಗೆದಿಡಿ. ಸೈಕಲ್ ಹೆಲ್ಮೆಟ್ಟನ್ನೂ ತೆಗೆಯಿರಿ: ಮೈ ತೂರುವ ಸಂದಿನಲ್ಲಿ ಹೆಲ್ಮೆಟ್ ತೂರದೆ ಗದ್ದದ ಪಟ್ಟಿ ಉರುಳಾಗಬಹುದು. ಯಾರಾದರೂ ಕಂಬಿಗೆ ಹಗ್ಗ ಕಟ್ಟಿ ಬಿಟ್ಟಿದ್ದರೆ ಮೊದಲು ಅದನ್ನು ಬಿಚ್ಚಿ.

ಯಾವ ವಯಸ್ಸಿಗೆ ಯಾವುದು

ಎರಡು ವರ್ಷದೊಳಗಿನ ಮಗುವಿಗೆ ಅಟ್ಟಣಿಗೆಯ ಎತ್ತರ 80 ಸೆಂ.ಮೀ. ಮೀರಬಾರದು. ಐದು ವರ್ಷದವರೆಗಿನವರಿಗೆ 50 ಸೆಂ.ಮೀ.ಗಿಂತ ಎತ್ತರವಿದ್ದರೆ ಹಿಡಿಕಂಬಿ ಬೇಕು, 75 ಸೆಂ.ಮೀ. ದಾಟಿದರೆ ತೂರಿ ಹೋಗಲಾಗದಂಥ ತಡೆಯೇ ಬೇಕು. ಕೈಯಲ್ಲಿ ಜೋತು ದಾಟುವ ಕಂಬಿಗಳು ನಾಲ್ಕು ವರ್ಷದೊಳಗಿನವರಿಗಲ್ಲ. ತಮ್ಮ ಭಾರ ಹೊರುವ ಕಸುವು ಆ ತೋಳುಗಳಿಗೆ ಇನ್ನೂ ಬಂದಿರುವುದಿಲ್ಲ. ಒಂದೇ ಹಲಗೆಯ ಹಳೆಯ ಸೀಸಾ ಕೂಡ ಚಿಕ್ಕವರಿಗೆ ಸಲ್ಲದು. ಎದುರಿನವರು ದಿಢೀರನೆ ಇಳಿದರೆ ಇತ್ತಲಿನ ಮಗು ಧೊಪ್ಪೆಂದು ನೆಲಕ್ಕೆ ಬಡಿಯುತ್ತದೆ. ಸ್ಪ್ರಿಂಗಿನ ಮೇಲೆ ತೂಗುವ ಕುದುರೆ, ತಗ್ಗಿನ ಮೆಟ್ಟಿಲು, ಕೊಳವೆಯಲ್ಲಿ ತೆವಳುವ ಸುರಂಗ, ಮರಳು: ಮೂರು ವರ್ಷದವರೆಗೆ ಇಷ್ಟಿದ್ದರೆ ಅದು ಒಳ್ಳೆಯ ಮೈದಾನ.

ವಯಸ್ಸಿನ ಪಟ್ಟಿಗಿಂತ ನಾವು ಹೆಚ್ಚು ನಂಬುವುದು ಒಂದು ನಿಯಮವನ್ನು: ಮಗು ತಾನಾಗಿ ಹತ್ತಲಾರದ ಕಡೆ ಅದನ್ನು ಎತ್ತಿ ಕೂರಿಸಬೇಡಿ. ಹತ್ತುತ್ತ ಹತ್ತುತ್ತಲೇ ಮಗು ಇಳಿಯುವುದನ್ನೂ ಕಲಿಯುತ್ತದೆ. ಎತ್ತಿ ಕೂರಿಸಿದ ಮಗುವಿಗೆ ತಾನೆಷ್ಟು ಎತ್ತರದಲ್ಲಿದ್ದೇನೆ ಎಂಬ ಅಂದಾಜೇ ಇರುವುದಿಲ್ಲ, ಇಳಿಯುವ ದಾರಿಯೂ ಗೊತ್ತಿರುವುದಿಲ್ಲ.

ಅರ್ಧ ಏಣಿ ಹತ್ತಿ ಅಲ್ಲೇ ನಿಂತು ಅಳತೊಡಗಿದರೆ ತಕ್ಷಣ ಎತ್ತಿಕೊಳ್ಳಬೇಡಿ. ಹಿಂದೆ ನಿಂತು ಮಗುವಿನ ಸೊಂಟದ ಬಳಿ, ತಾಗಿಸದೆ, ನಿಮ್ಮ ಎರಡೂ ಕೈ ಚಾಚಿ ಹಿಡಿಯಿರಿ. "ಕಂಬಿ ಗಟ್ಟಿ ಹಿಡ್ಕೋ. ಈಗ ಈ ಕಾಲು ಕೆಳಗೆ ಬಿಡು" ಎಂದು ಒಂದು ಕಾಲನ್ನು ಮುಟ್ಟಿ ತೋರಿಸಿ, ಪಾದ ಮೆಟ್ಟಿಲಿಗೆ ತಾಗುವವರೆಗೆ ಮೆಲ್ಲಗೆ ನಡೆಸಿ. ತಾಗಿದ ಮೇಲೆ ಇನ್ನೊಂದು ಕಾಲು. ಕೈ ನಡುಗತೊಡಗಿದರೆ ಮಾತ್ರ ಎತ್ತಿಕೊಳ್ಳಿ, ಆಗಲೂ ಎರಡು ಕಂಕುಳ ಕೆಳಗೆ ಕೈಕೊಟ್ಟು. ಒಂದೇ ಕೈ ಹಿಡಿದು ಎಳೆದರೆ ಮೊಣಕೈ ಕೀಲು ಜಾರುತ್ತದೆ; ಒಂದರಿಂದ ನಾಲ್ಕು ವರ್ಷದವರಲ್ಲಿ ಇದು ಬಲು ಸಾಮಾನ್ಯ. ಮಗು ಆ ತೋಳನ್ನು ಮೈಗೊತ್ತಿಕೊಂಡು ಆಡಿಸದೆ ಇದ್ದರೆ ವೈದ್ಯರು ಅದನ್ನು ಕೂಡಿಸಬೇಕು, ನೀವೇ ತಿರುಗಿಸಲು ಹೋಗಬೇಡಿ.

ಜಾರುಬಂಡಿ

ಮಗು ಹೆದರುತ್ತದೆಂದು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ತೀರಾ ರೂಢಿಯಾಗಿದೆ. ಜಾರುಬಂಡಿಯಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳ ಕಾಲು ಮುರಿಯುವುದು ಹೆಚ್ಚಾಗಿ ಹೀಗೆಯೇ. ಮಗುವಿನ ಶೂ ಅಡಿಯ ರಬ್ಬರು ಜಾರುಬಂಡಿಯ ಬದಿಗೋ ತಳಕ್ಕೋ ಹಿಡಿದುಕೊಳ್ಳುತ್ತದೆ. ಒಂಟಿಯಾಗಿ ಜಾರುತ್ತಿದ್ದರೆ ಮಗು ಅಲ್ಲೇ ನಿಂತುಬಿಡುತ್ತಿತ್ತು. ಹಿಂದೆ ದೊಡ್ಡವರ ಭಾರ ಇರುವುದರಿಂದ ಮೈ ಮುಂದೆ ಹೋಗುತ್ತದೆ, ಪಾದ ಹಿಂದೆ ಉಳಿಯುತ್ತದೆ, ಮೊಣಕಾಲ ಕೆಳಗಿನ ಮೂಳೆ ತಿರುಚಿ ಬಿರುಕು ಬಿಡುತ್ತದೆ. ನೀವು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೂ ಇದು ತಪ್ಪುವುದಿಲ್ಲ. ತಾನಾಗಿ ಕೂತು ಜಾರಬಲ್ಲಷ್ಟು ತಗ್ಗಿನ ಜಾರುಬಂಡಿ ಹುಡುಕಿ, ನೀವು ಪಕ್ಕದಲ್ಲಿ ನಿಂತು ಜೊತೆಗೆ ನಡೆಯಿರಿ. ನಡುವೆ ಸಿಕ್ಕಿಕೊಂಡರೆ ಬದಿಯಿಂದ ಎತ್ತಿ.

ಜಾರಿ ಮುಗಿಯುವ ಅಂಚು ನೆಲದಿಂದ 28 ಸೆಂ.ಮೀ.ಗಿಂತ ಎತ್ತರವಿದ್ದರೆ ಪುಟ್ಟ ಮಗು ಕಾಲೂರಲಾಗದೆ ಬೆನ್ನಡಿಯಾಗಿ ಬೀಳುತ್ತದೆ. ಒಬ್ಬರು ಎದ್ದು ದೂರ ಹೋದ ಮೇಲೆಯೇ ಇನ್ನೊಬ್ಬರು ಎಂಬ ಕಟ್ಟುಪಾಡನ್ನು ಮೊದಲ ದಿನವೇ ಕಲಿಸಿ.

ಬಿಸಿಯ ವಿಷಯದಲ್ಲಿ ಲೋಹಕ್ಕಷ್ಟೇ ಹೆದರಿದರೆ ಸಾಲದು. ಗಾಢ ಬಣ್ಣದ ಪ್ಲಾಸ್ಟಿಕ್ಕೂ ಕಪ್ಪು ರಬ್ಬರು ಹಾಸೂ ನೇರ ಬಿಸಿಲಿಗೆ ಮಗುವಿನ ಚರ್ಮ ಸುಡುವಷ್ಟು ಕಾಯುತ್ತವೆ, ಗಾಳಿ ತಂಪಾಗಿದ್ದ ದಿನವೂ. ಎರಡು ವರ್ಷದೊಳಗಿನ ಮಗು ಬಿಸಿ ತಾಗಿದರೆ ಸರಿದುಕೊಳ್ಳುವ ಬದಲು ಅಲ್ಲೇ ಕೂತು ಅಳುತ್ತದೆ. ಹಿಂಗೈಯನ್ನು ಐದು ಸೆಕೆಂಡು ಒತ್ತಿ ನೋಡಿ. ನಿಮಗೆ ಇಡಲಾಗದಿದ್ದರೆ ಮಗುವಿಗೂ ಬೇಡ. ಮೇಲ್ತುದಿ, ನಡುಭಾಗ, ಕೊನೆ ಮೂರನ್ನೂ ಮುಟ್ಟಬೇಕು, ಏಕೆಂದರೆ ನೆರಳು ಅರ್ಧಕ್ಕಷ್ಟೇ ಬಿದ್ದಿರಬಹುದು.

ಜೋಕಾಲಿ

ನಾಲ್ಕು ವರ್ಷದೊಳಗಿನವರಿಗೆ ಕಾಲು ತೂರಿಸಿ ಕೂರುವ ಬುಟ್ಟಿಯಂಥ ಆಸನವೇ ಬೇಕು, ಅದೂ ಮಗು ಆಸರೆಯಿಲ್ಲದೆ ನೆಟ್ಟಗೆ ಕೂರಲು ಕಲಿತ ಮೇಲೆ. ಮುಂದೆ ನಿಂತು ತೂಗಿದರೆ ಮುಖ ಕಾಣುತ್ತದೆ. ಮಗು ಮಂಕಾಯಿತೇ, ಹೆದರಿತೇ ಎಂಬುದು ಗೊತ್ತಾಗುತ್ತದೆ.

ಜೋಕಾಲಿಯಿಂದ ಕೂತವರಿಗಷ್ಟೇ ಅಲ್ಲ, ಸುತ್ತ ಓಡಾಡುವವರಿಗೂ ಅಪಾಯ. ಮೇಲಿನ ಅಡ್ಡಕಂಬಿ ನೆಲದಿಂದ ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಖಾಲಿ ಇರಬೇಕು. ಕಂಬಿ 2.4 ಮೀಟರ್ ಎತ್ತರದಲ್ಲಿದ್ದರೆ 4.8 ಮೀಟರ್, ಅಂದರೆ ದೊಡ್ಡವರ ಆರೇಳು ಹೆಜ್ಜೆ. ಗೇಟಿನಿಂದ ಜಾರುಬಂಡಿಗೆ ಹೋಗುವ ದಾರಿ ಈ ಜಾಗವನ್ನೇ ಹಾದುಹೋಗುತ್ತಿದ್ದರೆ ಮಗುವಿನ ಕೈ ಬಿಡಬೇಡಿ. ಎರಡು ಆಸನಗಳ ನಡುವೆ 60 ಸೆಂ.ಮೀ., ಆಸನಕ್ಕೂ ಬದಿಯ ಕಂಬಕ್ಕೂ ನಡುವೆ 75 ಸೆಂ.ಮೀ. ಇರಬೇಕು. ಒಂದು ಚೌಕಟ್ಟಿಗೆ ಮೂರು ಆಸನ ತೂಗುಹಾಕಿದ್ದರೆ ನಡುವಿನದನ್ನು ಬಿಟ್ಟುಬಿಡಿ.

ಸರಪಳಿಯನ್ನು ಆಸನಕ್ಕೂ ಕಂಬಿಗೂ ಸೇರಿಸುವ ಕೊಕ್ಕೆಯ ಬಾಯಿ ಪೂರ್ತಿ ಮುಚ್ಚಿರಬೇಕು. ನಾಣ್ಯ ಒಳಗೆ ತೂರಿದರೆ ಬಟ್ಟೆಯೂ ಸಿಕ್ಕಿಕೊಳ್ಳುತ್ತದೆ, ಕೊಕ್ಕೆಯೂ ಕಳಚಬಹುದು. ಒಂದು ಕೊಂಡಿ ಇನ್ನೊಂದಕ್ಕೆ ಉಜ್ಜಿ ತೆಳುವಾಗಿರುವ ಜಾಗ ಹೊಳೆಯುತ್ತಿರುತ್ತದೆ. ಆಸನವನ್ನು ಕೈಯಿಂದ ಜೋರಾಗಿ ಕೆಳಕ್ಕೆ ಜಗ್ಗಿ, ಚೌಕಟ್ಟು ಅಲುಗುತ್ತದೆಯೇ ನೋಡಿ.

ಮರಳುಗುಂಡಿ, ನೀರು

ಮೇಲ್ಮುಚ್ಚಳವಿಲ್ಲದ ಮರಳುಗುಂಡಿಗೆ ಬೆಕ್ಕು, ನಾಯಿ ಬರುವುದು ಖಂಡಿತ. ಅವುಗಳ ಹೇಲಿನಿಂದ ಜಂತುಹುಳುವಿನ ಮೊಟ್ಟೆ ಮಗುವಿನ ಬಾಯಿ ಸೇರುತ್ತದೆ. ಕೂರಿಸುವ ಮುನ್ನ ಕಡ್ಡಿಯಿಂದ ಒಂದು ಗೇಣು ಆಳಕ್ಕೆ ಕೆದಕಿ ಗಾಜು, ಮೊಳೆ, ಹೇಲು ಇದೆಯೇ ನೋಡಿ. ಆಟ ಮುಗಿದ ಮೇಲೆ ಸೋಪು ಹಚ್ಚಿ ತೊಳೆಯುವವರೆಗೆ ಕೈಗೆ ತಿನ್ನಲು ಏನೂ ಕೊಡಬೇಡಿ. ಸ್ಯಾನಿಟೈಸರ್ ಮಣ್ಣನ್ನೂ ಮೊಟ್ಟೆಯನ್ನೂ ತೆಗೆಯುವುದಿಲ್ಲ. ಅಲಂಕಾರದ ಕೊಳ, ತೆರೆದ ತೊಟ್ಟಿ ಇದ್ದರೆ ಮೊದಲೇ ಗುರುತಿಸಿಕೊಳ್ಳಿ. ಕೆಲವೇ ಸೆಂಟಿಮೀಟರ್ ನೀರಿನಲ್ಲೂ ಪುಟ್ಟ ಮಗು ಸದ್ದಿಲ್ಲದೆ ಮುಳುಗಬಲ್ಲದು.

ಬಿದ್ದಾಗ

ಅತ್ತು ಸಮಾಧಾನವಾಗಿ ಮತ್ತೆ ಆಟಕ್ಕೆ ಓಡಿದರೆ ಚಿಂತೆ ಕಡಿಮೆ. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಲಾಗದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ತಿಳಿನೀರು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಊತ ಕಾಣದಿದ್ದರೂ ಕಾಲೂರಲು ಒಪ್ಪದ ಮಗುವಿಗೆ ಎಕ್ಸ್‌ರೇ ಆಗಬೇಕು. ಹಾಲುಹಲ್ಲು ಕಿತ್ತುಬಂದರೆ ಅದನ್ನು ಮತ್ತೆ ಸಂದಿಗೆ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.

ದೂರು ಕೊಡುವುದು

ತಪಾಸಣೆಯಲ್ಲಿ ಕಂಡ ದೋಷವನ್ನು ಮೈದಾನ ನೋಡಿಕೊಳ್ಳುವವರಿಗೆ ತಿಳಿಸಿ. ಅವರ ಹೆಸರು ಸಾಮಾನ್ಯವಾಗಿ ಗೇಟಿನ ಫಲಕದಲ್ಲಿರುತ್ತದೆ. "ಪಾರ್ಕು ಹಾಳಾಗಿದೆ" ಎಂದು ಬರೆದರೆ ಯಾರೂ ಬರುವುದಿಲ್ಲ. "ಗೇಟಿನ ಎಡಗಡೆಯ ಜೋಕಾಲಿ, ಬಲಗಡೆ ಸರಪಳಿಯ ಮೇಲಿನ ಕೊಂಡಿ ಅರ್ಧ ಸವೆದಿದೆ, ಕೆಳಗೆ ಮರಳು 8 ಸೆಂ.ಮೀ. ಮಾತ್ರ ಇದೆ" ಎಂದು ಬರೆದರೆ ಕೆಲಸದವರು ಯಾವ ಸಾಮಾನು ತರಬೇಕೆಂಬುದೂ ತಿಳಿಯುತ್ತದೆ. ಎರಡು ಫೋಟೊ ಲಗತ್ತಿಸಿ: ದೂರದಿಂದ ಒಂದು, ನಾಣ್ಯವನ್ನೋ ಟೇಪನ್ನೋ ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು. ದೂರಿನ ತಾರೀಖು ಬರೆದಿಟ್ಟುಕೊಳ್ಳಿ. ನೀವೇ ತಂತಿ ಸುತ್ತಿ, ಮೊಳೆ ಹೊಡೆದು ರಿಪೇರಿ ಮಾಡಬೇಡಿ. ಆ ತಂತಿಯ ತುದಿಯೇ ಮುಂದಿನ ಮಗುವಿಗೆ ಚುಚ್ಚುತ್ತದೆ. ಸರಿಹೋಗುವವರೆಗೆ ಅಲ್ಲಿಗೆ ಬರುವ ಬೇರೆ ತಂದೆತಾಯಿಯರಿಗೆ ಆ ಜೋಕಾಲಿಯನ್ನು ಬೆರಳು ಮಾಡಿ ತೋರಿಸಿ ಹೇಳಿ.