ಬೆಂಡ್ ಪೈಪಿಗೆ ಬ್ಯಾಂಡೇಜ್: ಸುತ್ತಬೇಕಾ? ಸುತ್ತೋದು ಹೇಗೆ?

ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಒಮ್ಮೆ ತಟ್ಟಿದೆ. ಅದು ಪೈಪಿನೊಳಕ್ಕೇ ಇಳಿಯಿತು! ಎರಡು ಮಳೆಗಾಲ ಪಟ್ಟಿ ಸುತ್ತಿಕೊಂಡೇ ಓಡಿದ ನನ್ನ ಹಳೇ ಬೈಕಿನ ಬೆಂಡ್ ಪೈಪು ಹಪ್ಪಳದಂತಾಗಿತ್ತು. ಪಟ್ಟಿ ಸುತ್ತಿದ್ದು ನಾನೇ. ಹಾಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಎಂಜಿನ್ ಹೆಡ್ಡಿನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಕೊಳವೆಯೇ ಬೆಂಡ್ ಪೈಪ್. ಅದಕ್ಕೆ ಕಾಲು ಉಳುಕಿದವರ ಕ್ರೇಪ್ ಬ್ಯಾಂಡೇಜಿನ ಹಾಗೆ ಕಪ್ಪು ಅಥವಾ ಕಂದು ಪಟ್ಟಿ ಸುತ್ತಿರುವುದನ್ನು ನೀವೂ ನೋಡಿರುತ್ತೀರಿ. ಅದೇ ಹೀಟ್ ರ‍್ಯಾಪ್. ನೋಡಲು ಚೆನ್ನಾಗಿರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಹೇಗೆ ಸುತ್ತಬೇಕು ಎನ್ನುವ ಮೊದಲು, ಸುತ್ತಬೇಕಾ ಬೇಡವಾ ಅನ್ನುವುದನ್ನು ನೋಡೋಣ.

ಲಾಭ ಏನು?

ಎಂಜಿನ್ ಜೋರಾಗಿ ದುಡಿಯುವಾಗ ಹೊರಬರುವ ಹೊಗೆಯ ಬಿಸಿ 600ರಿಂದ 800 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತರೆ, ಅಥವಾ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಚಾಮುಂಡಿ ಬೆಟ್ಟ ಹತ್ತಿದರೆ, ಆ ಬಿಸಿ ಮೀನಖಂಡಕ್ಕೆ ಗೊತ್ತಾಗುತ್ತದೆ. ಪಟ್ಟಿ ಸುತ್ತಿದರೆ ಕಾಲಿಗೆ ಬಡಿಯುವ ಝಳ ನಿಜಕ್ಕೂ ಕಡಿಮೆಯಾಗುತ್ತದೆ. ಇದೊಂದೇ ಗಟ್ಟಿ ಲಾಭ.

ಎರಡನೆಯದು ಪಿಕಪ್. ಪೈಪಿನೊಳಗೆ ಹೊಗೆ ಬಿಸಿಯಾಗಿಯೇ ಉಳಿದರೆ ಬೇಗ ಹೊರಗೆ ಓಡುತ್ತದೆ ಎನ್ನುವುದು ಲೆಕ್ಕ. ಲೆಕ್ಕ ಸರಿ, ರೇಸ್ ಬೈಕಿಗೆ ಅದು ಬೇಕು ಕೂಡ. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕನ್ನೇ ಬಿಡುತ್ತಿಲ್ಲ. ಮಂಡ್ಯದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹೋಗುವ ನಮಗೆ ಆ ಪಿಕಪ್ ತಗೊಂಡು ಏನಾಗಬೇಕು?

ನಷ್ಟ ಎಲ್ಲಿದೆ?

ಪಟ್ಟಿ ತಡೆದ ಬಿಸಿ ಮಾಯವಾಗುವುದಿಲ್ಲ, ಪೈಪಿನ ಲೋಹದಲ್ಲೇ ಉಳಿಯುತ್ತದೆ. ಬರೀ ಪೈಪಿಗೆ ಓಡುವಾಗ ಗಾಳಿ ತಾಗಿ ತಣ್ಣಗಾಗುವ ಅವಕಾಶವಿತ್ತು, ಅದು ಹೋಯಿತು. ಕ್ರೋಮ್ ನೀಲಿಯಾಗುತ್ತದೆ, ಸಿಪ್ಪೆ ಏಳುತ್ತದೆ. ಮಾಮೂಲಿ ಕಬ್ಬಿಣದ ಪೈಪಾದರೆ ತುಕ್ಕು ಬೇಗ ಹಿಡಿಯುತ್ತದೆ.

ಇದಕ್ಕಿಂತ ದೊಡ್ಡ ಶತ್ರು ನೀರು. ಮಳೆಯಲ್ಲಿ ನೆನೆದ ಪಟ್ಟಿ ಒದ್ದೆ ಗೋಣಿಚೀಲ ಇದ್ದ ಹಾಗೆ. ಬೈಕ್ ಓಡಿದರೆ ಒಣಗುತ್ತದೆ, ನಿಂತರೆ ರಾತ್ರಿಯೆಲ್ಲ ಪೈಪಿಗೆ ಅಂಟಿಕೊಂಡಿರುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲೂ ಜೋರು ಮಳೆ, ದಸರಾ ಹೊತ್ತಿಗೂ ಜೋರು ಮಳೆ. ತುಕ್ಕಿಗೆ ವರ್ಷಕ್ಕೆರಡು ಬೆಳೆ ಅನ್ನಿ. ಪಟ್ಟಿಯ ಕೆಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದೂ ಇಲ್ಲ. ವೆಲ್ಡಿಂಗ್ ಬಿಟ್ಟಿದ್ದರೆ ಸದ್ದು ಬದಲಾದಾಗಲೇ ತಿಳಿಯುವುದು.

ಇನ್ನೊಂದು ಮಾತು. ಎಂಜಿನ್ನಿನಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಪಟ್ಟಿ ಮುಟ್ಟಲೇಬೇಡಿ. ಆಯಿಲ್ ಕುಡಿದ ಪಟ್ಟಿ ದೀಪದ ಬತ್ತಿಯಂತೆ. ಅದರ ಕೆಳಗೆ ಕಾದ ಪೈಪು ಬೇರೆ.

ಯಾರು ಸುತ್ತಬಾರದು?

2020ರ ಏಪ್ರಿಲ್ 1ರ ನಂತರ ಕೊಂಡ ಹೊಸ ಬೈಕ್ ಬಿಎಸ್6, ಅಂದರೆ ಹೊಗೆ ಮಾಲಿನ್ಯದ ಬಿಗಿ ನಿಯಮಕ್ಕೆ ತಕ್ಕಂತೆ ಮಾಡಿದ್ದು ಆಗಿರುತ್ತದೆ. ಅದರ ಹೊಗೆ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಜೊತೆಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಎರಡಕ್ಕೂ ಇಷ್ಟೇ ಬಿಸಿ ಅಂತ ಕಂಪನಿ ಲೆಕ್ಕ ಹಾಕಿಯೇ ಇಟ್ಟಿರುತ್ತದೆ. ನೀವು ಕಂಬಳಿ ಹೊದಿಸಿದರೆ ಲೆಕ್ಕ ತಪ್ಪುತ್ತದೆ, ವಾರಂಟಿಗೂ ತಕರಾರು ಬರಬಹುದು.

ಹಳೇ ಜಾವಾ, ಯೆಜ್ಡಿ ಇಟ್ಟುಕೊಂಡವರೂ ಬೇಡ. 1961ರಿಂದ 1996ರವರೆಗೆ ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಟೂ ಸ್ಟ್ರೋಕ್ ಗಾಡಿಗಳವು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೈಪಿನ ಉದ್ದ, ಆಕಾರ, ಒಳಗಿನ ಬಿಸಿ ಎಲ್ಲಾ ಸೇರಿ ಎಳೆತ ನಿರ್ಧಾರವಾಗುತ್ತದೆ. ಬಿಸಿ ಹೆಚ್ಚಾದರೆ ಹೊಗೆಯ ಅಲೆ ಓಡುವ ವೇಗ ಬದಲಾಗಿ ಟ್ಯೂನಿಂಗ್ ತಪ್ಪುತ್ತದೆ. ಅದೂ ಇರಲಿ. ಆ ಜೋಡಿ ಕ್ರೋಮ್ ಪೈಪು ಮುಚ್ಚುವ ಮನಸ್ಸಾದರೂ ಹೇಗೆ ಬರುತ್ತದೆ?

ಎರಡು ಪದರದ ಪೈಪ್ ಇರುವ ಬೈಕಿಗೆ ಸುತ್ತುವುದು ದಂಡ. ಉಳಿದವರು ಯಾರು? ಸ್ಟೇನ್‌ಲೆಸ್ ಸ್ಟೀಲಿನ ಬೆಂಡ್ ಪೈಪ್ ಹಾಕಿಸಿಕೊಂಡವರು, ಇಲ್ಲವೇ ಪೈಪ್ ಹೋದರೆ ಹೋಗಲಿ ಅನ್ನುವವರು.

ಸುತ್ತುವುದು ಹೀಗೆ

1. ಪಟ್ಟಿಯಲ್ಲಿ ಎರಡು ಬಗೆ. ಒಂದು ಗಾಜಿನ ನಾರಿನದು. ಇನ್ನೊಂದು ಟೈಟಾನಿಯಂ ಅಂತ ಮಾರುತ್ತಾರಲ್ಲ, ಅದು. ಸಾಮಾನ್ಯವಾಗಿ ಅದು ಲೋಹವಲ್ಲ, ಲಾವಾ ಕಲ್ಲನ್ನು ಕರಗಿಸಿ ಎಳೆದ ನಾರು. ಜಾಸ್ತಿ ಬಿಸಿ ತಡೆಯುತ್ತದೆ. 38 ಮಿ.ಮೀ. ದಪ್ಪದ, 60 ಸೆಂ.ಮೀ. ಉದ್ದದ ಪೈಪಿಗೆ 50 ಮಿ.ಮೀ. ಅಗಲದ ಪಟ್ಟಿ ಎರಡರಿಂದ ಎರಡೂವರೆ ಮೀಟರ್ ಸಾಕು. ಗುಜರಿಯಲ್ಲಿ ಸಿಗುವ ಹಳೇ ಆಸ್ಬೆಸ್ಟಾಸ್ ಹಗ್ಗ ಮಾತ್ರ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

2. ಹಿಂದಿನ ರಾತ್ರಿಯೇ ಹೆಡ್ಡಿನ ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಅವಸರದಲ್ಲಿ ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ ಸ್ಟಡ್, ಅಂದರೆ ನಟ್ ಕೂರುವ ಬೋಲ್ಟು, ಒಳಗೇ ಮುರಿಯುತ್ತದೆ. ಆಮೇಲೆ ಲೇತ್ ಅಂಗಡಿ ಹುಡುಕಬೇಕು. ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಬಿಚ್ಚಿ. ಪೈಪ್ ಬಿಚ್ಚದೆ ಸುತ್ತುವ ಧೈರ್ಯ ಬೇಡ, ಕೈ ಆಡುವುದಿಲ್ಲ.

3. ಎಮರಿ ಪೇಪರಿನಿಂದ ತುಕ್ಕು ತಿಕ್ಕಿ, ಒರೆಸಿ, ಒಣಗಿಸಿ. ಕಬ್ಬಿಣದ ಪೈಪಾದರೆ ಬಿಸಿ ತಡೆಯುವ ಪೇಂಟ್ ಒಂದು ಕೈ ಬಳಿಯಿರಿ.

4. ಗ್ಲೌಸ್, ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಳ್ಳಿ. ಗಾಜಿನ ನಾರು ಚರ್ಮಕ್ಕೆ ಹತ್ತಿದರೆ ನಸುಗುನ್ನಿ ಕಾಯಿ ಸೋಕಿದ ಹಾಗೆ ತುರಿಕೆ. ಈ ಜಾತಿಯ ಪಟ್ಟಿಯನ್ನು ಹತ್ತಿಪ್ಪತ್ತು ನಿಮಿಷ ಬಕೆಟ್ ನೀರಿನಲ್ಲಿ ನೆನೆಸಿ, ಹಿಂಡಿ. ಧೂಳು ಏಳುವುದಿಲ್ಲ, ಮೆತ್ತಗಾಗಿ ಬಿಗಿಯಾಗಿ ಕೂರುತ್ತದೆ.

5. ಸೈಲೆನ್ಸರ್ ಕಡೆಯಿಂದ, ಅಂದರೆ ಕೆಳಗಿನಿಂದ ಶುರು ಮಾಡಿ ಹೆಡ್ಡಿನತ್ತ ಹೋಗಿ. ಹೆಂಚಿನ ಮನೆಯಲ್ಲಿ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುತ್ತದಲ್ವಾ? ಹಾಗೇ ಇಲ್ಲೂ. ತಿರುಗಾಮುರುಗಾ ಸುತ್ತಿದರೆ ಮಡಿಕೆ ಮೇಲ್ಮುಖವಾಗಿ ಬಾಯಿ ತೆರೆದು ನೀರು ಕುಡಿಯುತ್ತದೆ. ನಾನು ಮಾಡಿದ್ದೂ ಇದೇ ತಪ್ಪು. ಮೊದಲ ಸುತ್ತು ಅದೇ ಜಾಗದಲ್ಲಿ ಎರಡು ಸಲ. ಆಮೇಲೆ ಪ್ರತಿ ಸುತ್ತು ಹಿಂದಿನದರ ಮೇಲೆ 6 ಮಿ.ಮೀ. ಏರಿರಲಿ. ಜಾಸ್ತಿ ಏರಿಸಿದರೆ ಬಿಸಿ ಒಂದೇ ಕಡೆ ಗುಡ್ಡೆಯಾಗುತ್ತದೆ. ಬಾಗಿದ ಕಡೆ ಒಳಮೈಯಲ್ಲಿ ಪದರ ಒತ್ತಾಗುತ್ತದೆ, ಹೊರಮೈಯಲ್ಲಿ ಬಾಯಿ ಬಿಡುತ್ತದೆ. ಅಲ್ಲಿ ಹೊರಮೈ ನೋಡಿಕೊಂಡೇ ಸುತ್ತಿ. ಒಬ್ಬರು ಪೈಪ್ ತಿರುಗಿಸಿ, ಇನ್ನೊಬ್ಬರು ಪಟ್ಟಿ ಎಳೆದು ಹಿಡಿದರೆ ಕೆಲಸ ಸಲೀಸು.

6. ಎರಡೂ ತುದಿಗೆ ಸ್ಟೀಲ್ ಟೈ ಅಥವಾ ಹೋಸ್ ಕ್ಲಿಪ್ ಬಿಗಿಯಿರಿ. ಪ್ಲಾಸ್ಟಿಕ್ ಟೈ ಮೊದಲ ಕಿಲೋಮೀಟರಿನಲ್ಲೇ ಕರಗುತ್ತದೆ. ಮರಳಿ ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

7. ಮೊದಲ ಸಲ ಎಂಜಿನ್ ಚಾಲೂ ಮಾಡಿದಾಗ ಹೊಗೆ, ವಾಸನೆ ಬರುತ್ತದೆ. ಗಾಬರಿ ಬೇಡ, ಇಪ್ಪತ್ತು ಮೂವತ್ತು ನಿಮಿಷ ಓಡಿದರೆ ನಿಲ್ಲುತ್ತದೆ. ಬಯಲಲ್ಲಿ ನಿಲ್ಲಿಸಿ ಮಾಡಿ, ಅಕ್ಕಪಕ್ಕದವರು ಬಕೆಟ್ ನೀರು ತರುವುದು ಬೇಡ.

ಆಯುಧ ಪೂಜೆಗೆ ಎಲ್ಲರೂ ಬೈಕ್ ತೊಳೆಯುತ್ತೇವೆ. ಆ ದಿನ ಪಟ್ಟಿಯ ಮೇಲೆ ಪೈಪ್ ನೀರು ಬಿಡಬೇಡಿ. ನೆನೆದರೆ ಒಂದು ರೌಂಡ್ ಹೋಗಿ ಒಣಗಿಸಿಕೊಂಡು ಬನ್ನಿ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಎರಡು ಸುತ್ತಾದರೂ ಬಿಚ್ಚಿ ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ದಬ್ ಅಂದರೆ ಪೂರ್ತಿ ಬಿಚ್ಚಿ.

ನಾನು ಹೊಸ ಪೈಪ್ ಹಾಕಿಸಿದ ಮೇಲೆ ಕಾಲು ತಾಗುವ ಕಡೆ ಗೇಣುದ್ದದ ಸ್ಟೀಲ್ ತಗಡೊಂದನ್ನು ಎರಡು ಹೋಸ್ ಕ್ಲಿಪ್ಪಿನಿಂದ ಬಿಗಿದೆ. ನಡುವೆ ಬೆರಳು ತೂರುವಷ್ಟು ಸಂದಿ ಬಿಟ್ಟಿದ್ದೇನೆ, ಗಾಳಿ ಆಡಲಿ ಅಂತ. ಕಾಲು ಸುಡುವುದಿಲ್ಲ. ಉಳಿದ ಪಟ್ಟಿ ಅಟ್ಟದ ಮೇಲಿದೆ.