ಕೇರಿಯ ರಸ್ತೆಗೆ ಬಂದ ಹಣ: ಎಸ್‌ಸಿಎಸ್‌ಪಿ–ಟಿಎಸ್‌ಪಿ ಚರ್ಚೆಗೆ ತಯಾರಿ ಮಾಡುವ ಬಗೆ

ತಾಲ್ಲೂಕು ಮಟ್ಟದ ಒಂದು ಸಣ್ಣ ಯೂಟ್ಯೂಬ್ ಚಾನೆಲ್, ಮೂರು ಜನರ ತಂಡ, ಎರಡೂವರೆ ತಿಂಗಳ ಸಮಯ. ಪರಿಶಿಷ್ಟ ಜಾತಿ, ಪಂಗಡದವರಿಗೆಂದು ಬಜೆಟ್‌ನಲ್ಲಿ ತೆಗೆದಿಡುವ ಹಣದ (ಎಸ್‌ಸಿಎಸ್‌ಪಿ–ಟಿಎಸ್‌ಪಿ) ಬಗೆಗಿನ ಈ ಚರ್ಚೆಗೆ ಇಷ್ಟು ಸಾಕು. ಇಡೀ ರಾಜ್ಯದ ಲೆಕ್ಕ ಹಿಡಿದು ಕೂತರೆ ಎರಡು ಪಕ್ಷದವರು ಒಬ್ಬರ ಮೇಲೊಬ್ಬರು ಕೂಗಾಡಿ ಎದ್ದು ಹೋಗುತ್ತಾರೆ, ನೋಡುಗರಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಒಂದು ಕೇರಿ, ಒಂದು ಕಾಮಗಾರಿ, ಒಂದು ಆರ್ಥಿಕ ವರ್ಷ ಎಂದು ಮೊದಲೇ ಗೆರೆ ಎಳೆದುಕೊಳ್ಳಿ.

ಹಿನ್ನೆಲೆಯನ್ನು ನಿರೂಪಕರೇ ಮೂರು ನಿಮಿಷದಲ್ಲಿ ಹೇಳಿ ಮುಗಿಸಬೇಕು. ಪರಿಶಿಷ್ಟ ಜಾತಿ ಉಪಯೋಜನೆ (ಎಸ್‌ಸಿಎಸ್‌ಪಿ) ಮತ್ತು ಬುಡಕಟ್ಟು ಉಪಯೋಜನೆಗೆ (ಟಿಎಸ್‌ಪಿ) ಕರ್ನಾಟಕ 2013ರಲ್ಲಿ ಕಾಯ್ದೆ ತಂದಿತು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ 17.15, ಪರಿಶಿಷ್ಟ ಪಂಗಡದವರು ಶೇ 6.95; ಒಟ್ಟು ಶೇ 24.10. ಬಜೆಟ್‌ನಲ್ಲಿ ಅಭಿವೃದ್ಧಿಗೆ ಹಂಚುವ ಹಣದಲ್ಲಿ ಇವರ ಪಾಲನ್ನು ಈ ಪ್ರಮಾಣದಲ್ಲೇ ತೆಗೆದಿಡಬೇಕು. ದೊಡ್ಡ ಮೂಲಸೌಕರ್ಯಗಳ ವೆಚ್ಚದಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೇ ಖರ್ಚಾಯಿತೆಂದು ಬರೆದುಕೊಳ್ಳಲು ಬಿಡುತ್ತಿದ್ದ 7(ಡಿ) ಕಲಂ 2023ರಲ್ಲಿ ರದ್ದಾಯಿತು. ಅದೇ ವರ್ಷದ ಬಜೆಟ್‌ನಲ್ಲಿ ಈ ಉಪಯೋಜನೆಗಳ ಸುಮಾರು 11 ಸಾವಿರ ಕೋಟಿ ರೂಪಾಯಿ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ ಎಂಬುದು ಸರ್ಕಾರದ ವಾದ. ಎಲ್ಲರಿಗೂ ಸಿಗುವ ಸವಲತ್ತಿಗೆ ಇವರ ಪಾಲಿನ ಹಣ ಯಾಕೆ ಎಂಬುದು ದಲಿತ ಸಂಘಟನೆಗಳ ಪ್ರಶ್ನೆ. ಎರಡನ್ನೂ ಅವರವರ ಮಾತಿನಲ್ಲೇ ಹೇಳಿ, ನಿಮ್ಮ ಕೇರಿಯ ವಿಷಯಕ್ಕೆ ಬನ್ನಿ.

ಮೊದಲ ಕೆಲಸ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹೊಸಬರ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ: "ತಾಲ್ಲೂಕಿನ ಎಲ್ಲ ಎಸ್‌ಸಿಎಸ್‌ಪಿ ಕಾಮಗಾರಿಗಳ ಪೂರ್ಣ ವಿವರ ಕೊಡಿ" ಎಂದು ಬರೆದಿರುತ್ತಾರೆ. ಹೀಗೆ ಬರೆಯಿರಿ: "ಇಂಥ ಗ್ರಾಮದ ಪರಿಶಿಷ್ಟ ಜಾತಿ ಕಾಲೊನಿಯಲ್ಲಿ ಇಂಥ ವರ್ಷ ನಿರ್ಮಿಸಿದ ಸಿಸಿ ರಸ್ತೆಯ ಅನುಮೋದಿತ ಕ್ರಿಯಾಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು." ಕಾಗದ ಇರುವುದು ಕೆಲಸ ಮಾಡಿಸಿದ ಕಚೇರಿಯಲ್ಲಿ. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗವೋ ಲೋಕೋಪಯೋಗಿಯೋ ಸರ್ಕಾರಿ ನಿರ್ಮಾಣ ನಿಗಮವಾದ ಕೆಆರ್‌ಐಡಿಎಲೋ ಎಂದು ಕಾಮಗಾರಿಯ ನಾಮಫಲಕ ನೋಡಿ ತಿಳಿಯಿರಿ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ಹಣ ಕೇಳುವಂತಿಲ್ಲ; ಮಾಹಿತಿ ಹಕ್ಕು ಕಾಯ್ದೆಯ 7(6) ಕಲಂ ತೋರಿಸಿ.

ಬೋರ್‌ವೆಲ್, ಸಾಲ, ಮನೆಯಂಥ ವೈಯಕ್ತಿಕ ಸವಲತ್ತಿಗಿಂತ ರಸ್ತೆ ಅಥವಾ ಚರಂಡಿ ಆರಿಸಿಕೊಳ್ಳುವುದು ಲೇಸು. 2025ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ತಿದ್ದುಪಡಿ ಜಾರಿಯಾದ ಮೇಲೆ ಫಲಾನುಭವಿಗಳ ಹೆಸರು ಕೇಳಿದರೆ "ವೈಯಕ್ತಿಕ ಮಾಹಿತಿ" ಎಂದು ಅರ್ಜಿ ವಾಪಸ್ ಕಳಿಸುವುದು ಸುಲಭವಾಗಿದೆ. ರಸ್ತೆಯ ಅಳತೆಗೆ ಆ ನೆಪ ಹೇಳಲು ಬರುವುದಿಲ್ಲ.

ಕಾಗದ ಕೈಗೆ ಬಂದ ದಿನವೇ ಕೇರಿಗೆ ಹೋಗಿ. 30 ಮೀಟರ್ ಟೇಪು, ಒಂದು ಅಡಿ ಸ್ಕೇಲು, ಮೊಬೈಲು ಇರಲಿ. ಕೇರಿಯವರು ಇಬ್ಬರಾದರೂ ಜೊತೆಗಿರಲಿ. ಉದಾಹರಣೆಗೆ, ಅಳತೆ ಪುಸ್ತಕದಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿದ್ದರೆ ಕಾಂಕ್ರೀಟು 45 ಘನ ಮೀಟರ್ ಆಗಬೇಕು. ನೆಲದ ಮೇಲೆ 80 ಮೀಟರ್ ಉದ್ದ, 10 ಸೆಂಟಿಮೀಟರ್ ದಪ್ಪ ಸಿಕ್ಕರೆ ಅದು 24 ಘನ ಮೀಟರಿಗೆ ಇಳಿಯುತ್ತದೆ. ದಪ್ಪ ನೋಡಲು ಅಂಚಿನ ಮಣ್ಣು ಸರಿಸಿ, ಐದಾರು ಕಡೆ ಸ್ಕೇಲು ಇಟ್ಟು, ಅಂಕಿ ಕಾಣುವಂತೆ ಚಿತ್ರ ತೆಗೆಯಿರಿ. ಅಂಚಿನಲ್ಲಿ ತೆಳುವಾಗಿದೆ ಎಂದ ಮಾತ್ರಕ್ಕೆ ನಡುವೆಯೂ ತೆಳುವೆಂದು ಹೇಳಬೇಡಿ. ಅದಕ್ಕೆ ಎಂಜಿನಿಯರು ಕಾಂಕ್ರೀಟನ್ನು ಕೊರೆದು ತುಂಡು (ಕೋರ್) ತೆಗೆದು ನೋಡಬೇಕು. "ಅಂಚಿನಲ್ಲಿ ಇಷ್ಟು ಸಿಕ್ಕಿತು" ಎನ್ನುವುದಷ್ಟೇ ನಿಮ್ಮ ಮಾತು. ಅಳತೆಗಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ರಸ್ತೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಕಾಲೊನಿಯ ಹೆಸರಿನಲ್ಲಿ ಮಂಜೂರಾದ ರಸ್ತೆ ಯಾರದೋ ತೋಟದ ಗೇಟಿನವರೆಗೆ ಹೋಗಿದೆಯೇ? ಕ್ಯಾಮೆರಾ ಆನ್ ಮಾಡಿ, ಎಲ್ಲೂ ನಿಲ್ಲಿಸದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ.

ಚರ್ಚೆಗೆ ನಾಲ್ವರು ಸಾಕು: ಕೇರಿಯ ಒಬ್ಬ ಹೆಣ್ಣುಮಗಳು, ಸ್ಥಳೀಯ ಸಂಘಟನೆಯವರೊಬ್ಬರು, ಬಜೆಟ್ ಓದಬಲ್ಲವರೊಬ್ಬರು, ಸಂಬಂಧಪಟ್ಟ ಅಧಿಕಾರಿ ಅಥವಾ ಜನಪ್ರತಿನಿಧಿ. ಮೊದಲ ಹದಿನೈದು ನಿಮಿಷ ಕೇರಿಯವರದೇ. ತಜ್ಞರು ಮೊದಲು ಮಾತಾಡಿದರೆ ಕೇರಿಯವರು "ಸಾರ್ ಹೇಳಿದ ಹಾಗೆ" ಎಂದು ಬಾಯಿ ಕಟ್ಟಿಕೊಳ್ಳುತ್ತಾರೆ. ಅಧಿಕಾರಿಗೆ ಏಳು ದಿನ ಮುಂಚೆ ಪ್ರಶ್ನೆಗಳನ್ನು ಬರಹದಲ್ಲಿ, ಕಾರ್ಯಾದೇಶದ ಸಂಖ್ಯೆ ಸಮೇತ ಕೊಟ್ಟು ಸ್ವೀಕೃತಿ ಪಡೆಯಿರಿ; "ನನ್ನ ಗಮನಕ್ಕೆ ಬಂದಿಲ್ಲ, ಪರಿಶೀಲಿಸುತ್ತೇವೆ" ಎಂಬ ಉತ್ತರಕ್ಕೆ ಆಗ ಜಾಗವಿರುವುದಿಲ್ಲ. ಅವರು ಬರದಿದ್ದರೆ ಪ್ರಶ್ನೆಗಳನ್ನು ಓದಿ, ಯಾವ ದಿನ ಕೊಟ್ಟಿರಿ ಎಂಬುದನ್ನೂ ಹೇಳಿ.

ಹಂಚಿಕೆ, ಬಿಡುಗಡೆ, ವೆಚ್ಚ: ಈ ಮೂರು ಅಂಕಿಗಳನ್ನು ಬೋರ್ಡಿನ ಮೇಲೆ ಬೇರೆ ಬೇರೆ ಬರೆದಿಡಿ. ಒಬ್ಬರು ಹಂಚಿಕೆ ಹೇಳಿ ಇನ್ನೊಬ್ಬರು ವೆಚ್ಚ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಾ ಜಗಳವಾಡುತ್ತಾರೆ.

ಕೂಲಿಗಾಗಿ ಮೇಲ್ಜಾತಿಯವರ ಹೊಲವನ್ನೇ ನಂಬಿದವರು ಕ್ಯಾಮೆರಾ ಮುಂದೆ ಮಾತಾಡಿದರೆ ಮಾರನೆಯ ದಿನದ ಕೂಲಿ ತಪ್ಪಬಹುದು. ಇದನ್ನು ಅವರಿಗೆ ಬಿಡಿಸಿ ಹೇಳಿಯೇ ಒಪ್ಪಿಗೆ ಕೇಳಿ. ಮುಖ ತೋರಿಸುವುದು ಬೇಡವೆಂದರೆ ಧ್ವನಿ ಮಾತ್ರ ಬಳಸಿ, ಹಿನ್ನೆಲೆಯಲ್ಲಿ ಮನೆ, ದೇವಸ್ಥಾನ, ಅಂಗಡಿಯ ಬೋರ್ಡು ಕಾಣದಂತೆ ನೋಡಿಕೊಳ್ಳಿ. ಚಿತ್ರೀಕರಣ ಮುಗಿದ ಮೇಲೆ ಇನ್ನೊಮ್ಮೆ ಕೇಳಿ. ಮನಸ್ಸು ಬದಲಾಗಿದ್ದರೆ ಆ ಭಾಗ ತೆಗೆದುಬಿಡಿ.

ಲೇಪಲ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಫ್ಯಾನ್ ಆರಿಸಿ, ಫೋನುಗಳನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಸಿ, ಇನ್ನೊಂದು ಮೊಬೈಲಿನಲ್ಲೂ ಧ್ವನಿ ದಾಖಲಿಸಿ.

ನೇರಪ್ರಸಾರವಾದರೆ ಕಾಮೆಂಟು ನೋಡಿಕೊಳ್ಳಲೆಂದೇ ಒಬ್ಬರನ್ನು ಕೂರಿಸಿ. ಜಾತಿನಿಂದನೆಯ ಮಾತು ಬಂದರೆ ಹೆಸರು, ಸಮಯ, ಲಿಂಕು ಕಾಣುವಂತೆ ಮೊದಲು ಸ್ಕ್ರೀನ್‌ಶಾಟ್ ತೆಗೆದು ಆಮೇಲೆ ಅಳಿಸಿ. ಮೊದಲೇ ಅಳಿಸಿದರೆ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡುವವರ ಕೈಯಲ್ಲಿ ಸಾಕ್ಷಿ ಉಳಿಯುವುದಿಲ್ಲ.

ಪ್ರಸಾರದ ನಂತರ ಎಲ್ಲ ಕಾಗದಗಳ ಒಂದು ಪೂರ್ತಿ ನಕಲನ್ನು ಕೇರಿಯವರ ಕೈಗೇ ಕೊಡಿ. ಮುಂದಿನ ಗ್ರಾಮಸಭೆಯಲ್ಲಿ ಅವರೇ ಅದನ್ನು ತೆರೆದು ಕೇಳಬಹುದು. ಆ ದಿನಾಂಕವನ್ನು ಗುರುತು ಹಾಕಿಕೊಂಡು ಕ್ಯಾಮೆರಾ ಸಮೇತ ಹೋಗಿ.