ಪುಟ್ಟ ಹಾಯಿದೋಣಿಯಲ್ಲಿ ಕರಾವಳಿ ಯಾನ: ಹೊರಡುವ ಮೊದಲೇ ಮರಳುವ ದಾರಿ

ನಾಲ್ಕೈದು ಮೀಟರ್ ಉದ್ದದ ತೆರೆದ ಹಾಯಿದೋಣಿಯಲ್ಲಿ ಇಬ್ಬರು ಕುಳಿತು, ಕೊಲ್ಲಿಯ ಒಳಬದಿಯಲ್ಲೋ, ಅಗಲವಾದ ಅಳಿವೆಯಲ್ಲೋ, ದ್ವೀಪಗಳ ಮರೆಯಲ್ಲೋ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಸಾಗಿ, ನಡುವೆ ಮರಳಿನ ಮೇಲೆ ಇಳಿದು ದಣಿವಾರಿಸಿಕೊಂಡು, ಕತ್ತಲಾಗುವ ಮೊದಲು ಮರಳುವುದಕ್ಕೆ ಡಿಂಗಿ ಕ್ರೂಸಿಂಗ್ ಎಂದು ಹೆಸರು. ಕ್ಲಬ್ಬಿನ ಪಂದ್ಯಗಳಲ್ಲಿ ಹಾಯಿ ಬಿಡಿಸಲು ಕಲಿತವರು ಈ ಯಾನಕ್ಕೆ ಇಳಿದಾಗ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ವ್ಯತ್ಯಾಸ ಒಂದೇ: ಪಂದ್ಯದಲ್ಲಿ ದೋಣಿ ಮಗುಚಿದರೆ ರಕ್ಷಣಾ ದೋಣಿ ಎರಡು ನಿಮಿಷದಲ್ಲಿ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಯಾನದಲ್ಲಿ ಯಾರೂ ಬರುವುದಿಲ್ಲ. ಮುಂದೆ ಹೇಳುವ ಸಿದ್ಧತೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಆಸರೆಯ ನೀರು ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ಪಶ್ಚಿಮದ ಗಾಳಿಗೆ ಕೊಳದಂತೆ ತಣ್ಣಗಿರುವ ಕೊಲ್ಲಿಯ ಬಾಯಿ ಉತ್ತರಕ್ಕೆ ತೆರೆದಿದ್ದರೆ, ಗಾಳಿ ಉತ್ತರಕ್ಕೆ ತಿರುಗಿದ ಒಂದೆರಡು ತಾಸಿನೊಳಗೆ ಅಲ್ಲಿ ಅಲೆ ಏಳುತ್ತದೆ. ಆದ್ದರಿಂದ ನಕ್ಷೆಯಲ್ಲಿ ಒಂದು ಜಾಗವನ್ನು ಗುರುತಿಸುವಾಗ, ಯಾವ ದಿಕ್ಕಿನ ಗಾಳಿಗೆ ಅದು ಆಸರೆ ಎಂಬುದನ್ನೂ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.

ದೋಣಿ ಮತ್ತು ಸಾಮಾನು

ಯಾನಕ್ಕೆ ವೇಗದ ದೋಣಿ ಬೇಕಿಲ್ಲ. ಅಗಲವಾದ, ಸ್ಥಿರವಾದ, ಭಾರ ಹೊರುವ ದೋಣಿ ಬೇಕು. ಬ್ರಿಟಿಷ್ ದೋಣಿ ವಿನ್ಯಾಸಕ ಇಯಾನ್ ಪ್ರಾಕ್ಟರ್ 1957ರಲ್ಲಿ ರೂಪಿಸಿದ, 4.82 ಮೀಟರ್ ಉದ್ದದ ವೇಫೇರರ್ ಇಂದಿಗೂ ಈ ಕೆಲಸಕ್ಕೆ ಒಂದು ಒಳ್ಳೆಯ ಅಳತೆಗೋಲು. ನಿಮ್ಮ ದೋಣಿ ಯಾವುದೇ ಇರಲಿ, ಅದರ ಹಾಯಿಯನ್ನು ಕಿರಿದುಗೊಳಿಸುವ ವ್ಯವಸ್ಥೆ, ಅಂದರೆ ರೀಫ್, ಇರಲೇಬೇಕು. ಸೆಂಟರ್‌ಬೋರ್ಡ್, ಅಂದರೆ ದೋಣಿಯ ನಡುವಿನಿಂದ ನೀರಿಗಿಳಿದು ಅದು ಪಕ್ಕಕ್ಕೆ ಜಾರದಂತೆ ತಡೆಯುವ ಹಲಗೆ, ಮತ್ತು ಚುಕ್ಕಾಣಿ ಎರಡೂ ಮೇಲಕ್ಕೆ ಎತ್ತುವಂತಿರಬೇಕು. ದೋಣಿಗೆ ಹೊಂದುವ ಒಂದು ಜೊತೆ ಹುಟ್ಟುಗಳು ಒಳಗೇ ಇರಬೇಕು. ತೇಲಿಕೆಯ ಟ್ಯಾಂಕುಗಳ ಮುಚ್ಚಳದ ರಬ್ಬರ್ ಸವೆದಿದ್ದರೆ ಉಳಿದ ಸಿದ್ಧತೆಯೆಲ್ಲ ವ್ಯರ್ಥ, ಏಕೆಂದರೆ ಮಗುಚಿದ ದೋಣಿಯನ್ನು ನೀರಿನ ಮೇಲೆ ಹಿಡಿದಿಡುವುದು ಆ ಟ್ಯಾಂಕುಗಳೊಳಗಿನ ಗಾಳಿ ಮಾತ್ರ.

ಸಾಮಾನನ್ನು ನೀರು ನುಗ್ಗದ ಚೀಲಗಳಲ್ಲಿ ತುಂಬಿ, ಭಾರವಾದದ್ದನ್ನು ಕೆಳಗೆ, ದೋಣಿಯ ನಡುಭಾಗದಲ್ಲಿಟ್ಟು, ಪ್ರತಿಯೊಂದನ್ನೂ ಕಟ್ಟಬೇಕು. ದೋಣಿಯನ್ನು ತಲೆಕೆಳಗು ಮಾಡಿದರೆ ಏನೇನು ಬೀಳುತ್ತದೆ ಎಂದು ಕೇಳಿಕೊಂಡರೆ, ಏನು ಕಟ್ಟಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಕುಡಿಯುವ ನೀರು, ಬಿಸಿಲು ಮತ್ತು ಚಳಿ ಎರಡಕ್ಕೂ ಬಟ್ಟೆ, ದಿಕ್ಸೂಚಿ, ಚಾಕು, ಸೀಟಿ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂಬ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಜೀವರಕ್ಷಕ ಕವಚವನ್ನು ಚೀಲದಲ್ಲಿಡದೆ ಮೈಮೇಲೆ ಹಾಕಿಕೊಳ್ಳಬೇಕು. ದೋಣಿಯಿಂದ ದೋಣಿಗೂ ದಂಡೆಗೂ ಮಾತನಾಡಲು ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊವನ್ನು ಅದಕ್ಕೇ ಕಟ್ಟಿಕೊಳ್ಳಬೇಕು, ಏಕೆಂದರೆ ದೋಣಿಯಿಂದ ಬೇರೆಯಾದ ಗಳಿಗೆಯಲ್ಲೇ ಅದರ ಅಗತ್ಯ ಬೀಳುತ್ತದೆ. ಅಪಾಯದ ಕರೆಗೆ ಚಾನೆಲ್ 16 ಎಂಬುದನ್ನು ಜೊತೆಗಾರರಿಗೂ ಕಲಿಸಿರಿ. ನೀರಿನ ಮಟ್ಟದಲ್ಲಿ ಕುಳಿತು ಮಾತನಾಡುವವರ ರೇಡಿಯೊ ಇನ್ನೊಂದು ಸಣ್ಣ ದೋಣಿಯನ್ನು ಮುಟ್ಟುವುದು ಕೆಲವೇ ಮೈಲಿ ದೂರದವರೆಗೆ ಎಂಬುದೂ ನೆನಪಿರಲಿ.

ದಂಡೆಯ ಬಳಿ ಕಲಿಯಬೇಕಾದ ಎರಡು ಕೆಲಸ

ಮೊದಲನೆಯದು ಹಾಯಿ ಕಿರಿದುಗೊಳಿಸುವುದು. ಹಾಯಿಯ ಮೇಲೆ ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್) ಗಾಳಿ ಹದಿನಾಲ್ಕಾದರೆ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ, ಇಪ್ಪತ್ತಾದರೆ ನಾಲ್ಕು ಪಟ್ಟು. ಗಾಳಿಯ ಬಲವನ್ನು ಅಳೆಯುವ ಬ್ಯೂಫೋರ್ಟ್ ಮಾಪನದ 3ನೇ ಬಲ, ಅಂದರೆ 7ರಿಂದ 10 ನಾಟ್, ಯಾನಕ್ಕೆ ಹಿತವಾದದ್ದು. ಅಲೆಗಳ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ನೊರೆ ಕಾಣುತ್ತದೆ. ನೊರೆ ಎಲ್ಲೆಡೆ ಕಾಣತೊಡಗಿದರೆ ಅದು 4ನೇ ಬಲ, 11ರಿಂದ 16 ನಾಟ್. ಹೊಸಬರು ಅಷ್ಟರೊಳಗೆ ಹಾಯಿ ಕಿರಿದುಗೊಳಿಸಿರಬೇಕು, ಮುನ್ಸೂಚನೆಯಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಹೊರಡಲೇಬಾರದು. ರೀಫ್ ಮಾಡಬೇಕೇ ಎಂಬ ಪ್ರಶ್ನೆ ಮನಸ್ಸಿನಲ್ಲಿ ಬಂದ ಹೊತ್ತೇ ಅದನ್ನು ಮಾಡುವ ಹೊತ್ತು. ದಂಡೆಯಲ್ಲೇ ಸಂಶಯವಿದ್ದರೆ ರೀಫ್ ಕಟ್ಟಿಕೊಂಡೇ ಹೊರಡಿ. ನೀರಿನ ಮೇಲೆ ಅದನ್ನು ಬಿಚ್ಚುವುದು ಸುಲಭ, ಕಟ್ಟುವುದು ಕಷ್ಟ.

ನೀರಿನ ಮೇಲೆ ಕಟ್ಟಬೇಕಾಗಿ ಬಂದರೆ ಮೊದಲು ದೋಣಿಯನ್ನು ನಿಲ್ಲಿಸಬೇಕು. ಮುಂಗಡೆಯ ಸಣ್ಣ ಹಾಯಿಯಾದ ಜಿಬ್‌ನ ಹಗ್ಗವನ್ನು ಬಿಡದೆ ದೋಣಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ ಇನ್ನೊಂದು ಮಗ್ಗುಲಿಗೆ ತಂದರೆ ಜಿಬ್ ಹಿಮ್ಮುಖವಾಗಿ ಉಬ್ಬುತ್ತದೆ; ಮುಖ್ಯ ಹಾಯಿಯನ್ನು ಸಡಿಲಬಿಟ್ಟು, ಚುಕ್ಕಾಣಿಯ ಹಿಡಿಯನ್ನು ಗಾಳಿ ಹೋಗುವ ಬದಿಗೆ ಒತ್ತಿ ಹಿಡಿದರೆ, ಅಷ್ಟು ಹೊತ್ತೂ ಹಾರಾಡುತ್ತಿದ್ದ ದೋಣಿ ತಟ್ಟನೆ ಸುಮ್ಮನಾಗಿ, ಪಕ್ಕಕ್ಕೆ ನಿಧಾನವಾಗಿ ತೇಲತೊಡಗುತ್ತದೆ. ಈಗ ಮುಖ್ಯ ಹಾಯಿಯ ಕೆಳ ಅಂಚನ್ನು ಹಿಡಿದಿರುವ ಅಡ್ಡಕಂಬವಾದ ಬೂಮ್ ಅನ್ನು ಕೆಳಗೆಳೆಯುವ ಹಗ್ಗ ಸಡಿಲಿಸಿ, ಹಾಯಿಯನ್ನು ಮೊದಲ ರೀಫ್ ರಂಧ್ರದವರೆಗೆ ಇಳಿಸಿ, ಆ ರಂಧ್ರವನ್ನು ಹಾಯಿಕಂಬದ ಬಳಿಯ ಕೊಕ್ಕೆಗೆ ಸಿಕ್ಕಿಸಿ, ಏರುಹಗ್ಗವನ್ನು ಮತ್ತೆ ಬಿಗಿಯಾಗಿ ಎಳೆದು, ಕೊನೆಗೆ ಹಾಯಿಯ ಹಿಂತುದಿಯನ್ನು ಬೂಮ್‌ಗೆ ಗಟ್ಟಿಯಾಗಿ ಎಳೆದು ಕಟ್ಟಬೇಕು. ನಡುವೆ ಜೋಲುವ ಬಟ್ಟೆಯನ್ನು ಸುತ್ತಿ ಸಣ್ಣ ದಾರಗಳಿಂದ ಸಡಿಲವಾಗಿ ಕಟ್ಟಿದರೆ ಸಾಕು. ಆ ದಾರಗಳ ಮೇಲೆ ಭಾರ ಬಿದ್ದರೆ ಹಾಯಿ ಹರಿಯುತ್ತದೆ. ಇಡೀ ಕೆಲಸ ಐದು ನಿಮಿಷದೊಳಗೆ ಮುಗಿಯುವವರೆಗೆ ದಂಡೆಯ ಹತ್ತಿರವೇ ಅಭ್ಯಾಸ ಮಾಡಿರಿ.

ಎರಡನೆಯದು ಮಗುಚಿದ ದೋಣಿಯನ್ನು ಎತ್ತುವುದು, ಅದೂ ಯಾನದ ಸಾಮಾನನ್ನೆಲ್ಲ ತುಂಬಿಕೊಂಡು. ದೋಣಿ ಮಗ್ಗುಲಾದಾಗ ಇಬ್ಬರೂ ಅದನ್ನು ಬಿಡಬಾರದು; ದಂಡೆ ಎಷ್ಟೇ ಹತ್ತಿರ ಕಂಡರೂ ಈಜಿ ಹೊರಡಬಾರದು. ಒಬ್ಬರು ಸುತ್ತಿಬಂದು ಸೆಂಟರ್‌ಬೋರ್ಡ್ ಹಿಡಿಯುತ್ತಾರೆ. ಇನ್ನೊಬ್ಬರು ಒಳಬದಿಯಲ್ಲಿದ್ದು ಮುಖ್ಯ ಹಾಯಿಯ ಹಗ್ಗ ಎಲ್ಲೂ ಸಿಕ್ಕಿಕೊಂಡಿಲ್ಲವೆಂದು ನೋಡಿ, ಜಿಬ್‌ನ ಹಗ್ಗದ ತುದಿಯನ್ನು ದೋಣಿಯ ಮೇಲಿನಿಂದ ಮೊದಲಿನವರಿಗೆ ಎಸೆದು, ಒಡಲಿನ ಒಳಗೆ ಉದ್ದಕ್ಕೆ ತೇಲಿಕೊಂಡು ಹಿಡಿಕೆಯನ್ನು ಹಿಡಿಯುತ್ತಾರೆ. ಮೂತಿ ಸುಮಾರಾಗಿ ಗಾಳಿಗೆ ಎದುರಾದ ಮೇಲೆ ಮೊದಲಿನವರು ಬೋರ್ಡಿನ ಮೇಲೆ ನಿಂತು ಹಗ್ಗ ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ಏಳುತ್ತದೆ, ಒಳಗಿದ್ದವರನ್ನು ತನ್ನೊಡನೆ ಎತ್ತಿಕೊಂಡೇ ಏಳುತ್ತದೆ. ಮೂತಿ ತಿರುಗಿಸದೆ ಎತ್ತಿದರೆ ಹಾಯಿಯೊಳಗೆ ಗಾಳಿ ನುಗ್ಗಿ ದೋಣಿ ಆಚೆ ಬದಿಗೆ ಮತ್ತೆ ಮಗುಚುವುದುಂಟು. ಹಾಯಿಕಂಬದ ತುದಿಗೆ ಒಂದು ಸಣ್ಣ ತೇಲುಬುರುಡೆ ಕಟ್ಟಿದರೆ ದೋಣಿ ಪೂರ್ತಿ ತಲೆಕೆಳಗಾಗುವ ಸಂಭವ ಬಹಳ ಕಡಿಮೆಯಾಗುತ್ತದೆ. ಯಾನದ ದೋಣಿಗೆ ಅದು ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎದ್ದ ದೋಣಿಯಲ್ಲಿ ಮೊಣಕಾಲುದ್ದ ನೀರಿರುತ್ತದೆ. ನಮ್ಮ ಮೊದಲ ಅಭ್ಯಾಸದಲ್ಲಿ ದೋಣಿಯನ್ನು ಎತ್ತಿದ್ದು ಚೆನ್ನಾಗಿಯೇ ಆಯಿತು. ಆದರೆ ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್ಟನ್ನು ಮೂರನೆಯ ಸಲ ಎತ್ತಿದಾಗ ತಂತಿಯ ಹಿಡಿಕೆ ಒಂದು ಬದಿಯಿಂದ ಕಿತ್ತುಬಂತು. ಹಗ್ಗವನ್ನು ಆ ಹಿಡಿಕೆಗೇ ಕಟ್ಟಿದ್ದರಿಂದ ಕೈಯಲ್ಲಿ ಹಗ್ಗ ಮತ್ತು ತಂತಿ ಉಳಿದವು, ಬಕೆಟ್ಟು ಪಕ್ಕದಲ್ಲೇ ಮುಳುಗಿತು. ಅಂದಿನಿಂದ ಬಕೆಟ್ಟಿನ ಅಂಚಿನ ಕೆಳಗೆ ಎರಡು ರಂಧ್ರ ಕೊರೆದು, ಹಗ್ಗದ್ದೇ ಹಿಡಿಕೆ ಹಾಕಿ, ಅದನ್ನು ದೋಣಿಗೆ ಕಟ್ಟಿಡುತ್ತೇವೆ. ಇಂಥ ಸಣ್ಣ ದೋಷಗಳು ಕಾಣಿಸಿಕೊಳ್ಳಲಿ ಎಂದೇ ಅಭ್ಯಾಸ ಮಾಡುವುದು. ನೀರು ತಣ್ಣಗಿದ್ದರೆ ಸಮಯವೂ ಕಡಿಮೆ: ಮೊದಲ ನಿಮಿಷ ಉಸಿರು ಹತೋಟಿಗೆ ಬರುವುದಕ್ಕೇ ಹೋಗುತ್ತದೆ, ಕೈಬೆರಳು ಹಿಡಿತದಲ್ಲಿರುವುದು ಸುಮಾರು ಹತ್ತು ನಿಮಿಷ. ಆದ್ದರಿಂದ ಬಟ್ಟೆಯನ್ನು ಹೊರಗಿನ ಬಿಸಿಲಿಗಿಂತ ನೀರಿನ ತಂಪನ್ನು ನೋಡಿ ಆರಿಸಬೇಕು.

ಉಬ್ಬರ, ಇಳಿತ ಮತ್ತು ಗಾಳಿ

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಗಳ ಒಂದೆರಡು ದಿನದ ಆಚೆ ನೀರಿನ ಏರಿಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಮೊದಲ ಯಾನಗಳನ್ನು ಅಷ್ಟಮಿಯ ಆಸುಪಾಸಿಗೆ ಇಟ್ಟುಕೊಳ್ಳುವುದು ಜಾಣತನ. ಸುಮಾರು ಆರು ಗಂಟೆಯ ಇಳಿತದಲ್ಲಿ ನೀರು ಒಂದೇ ಸಮನೆ ಇಳಿಯುವುದಿಲ್ಲ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ, ಗಂಟೆಗೆ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲಿನಂತೆ ಇಳಿಯುತ್ತದೆ ಎಂಬುದು ನಾವಿಕರ ಹಳೆಯ ಲೆಕ್ಕ. ಒಟ್ಟು 3.6 ಮೀಟರ್ ಇಳಿತವಿದ್ದಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 90 ಸೆಂಟಿಮೀಟರ್, ಅಂದರೆ ನಿಮಿಷಕ್ಕೆ ಒಂದೂವರೆ ಸೆಂಟಿಮೀಟರ್ ನೀರು ಹೋಗುತ್ತದೆ. ದೋಣಿ ದಂಡೆಗೆ ಹಚ್ಚಿ ಅರ್ಧ ಗಂಟೆ ಕುಳಿತು ಎದ್ದರೆ, ಇಬ್ಬರು ನೂಕಿದರೂ ಅಲುಗದಂತೆ ಅದು ಮರಳಿನ ಮೇಲೆ ಕುಳಿತಿರುತ್ತದೆ.

ಸೆಳೆತವನ್ನು ಕಣ್ಣಾರೆ ನೋಡಬೇಕಾದರೆ ನೀರಿನಲ್ಲಿ ನಟ್ಟ ಒಂದು ಕಂಬವನ್ನು ಗಮನಿಸಿ: ಹರಿವು ಬರುವ ಬದಿಯಲ್ಲಿ ನೀರು ಕಂಬಕ್ಕೆ ಒತ್ತಿ ಉಬ್ಬಿರುತ್ತದೆ, ಆಚೆ ಬದಿಯಲ್ಲಿ ಸುಳಿಗಳ ಬಾಲ ಹರಿದಿರುತ್ತದೆ. ಪುಟ್ಟ ದೋಣಿ ಗಾಳಿಗೆ ಎದುರಾಗಿ ಅಡ್ಡಾದಿಡ್ಡಿ ಹಾಯುತ್ತ ನೇರವಾಗಿ ಗೆಲ್ಲುವ ದೂರ ಗಂಟೆಗೆ ಎರಡು ನಾಟಿಕಲ್ ಮೈಲಿಯಷ್ಟೇ. ಎದುರಿನ ಸೆಳೆತವೂ ಎರಡು ನಾಟ್ ಇದ್ದರೆ, ಹಾಯಿ ತುಂಬಿಕೊಂಡು ಮೂತಿ ಅಲೆ ಸೀಳುತ್ತಿದ್ದರೂ ದೋಣಿ ಅಲ್ಲೇ ಇರುತ್ತದೆ. ದಂಡೆಯ ಮೇಲೆ ಒಂದರ ಹಿಂದೆ ಒಂದಿರುವ ಎರಡು ಗುರುತುಗಳನ್ನು, ಒಂದು ಮರ ಮತ್ತು ಅದರ ಹಿಂದಿನ ಗೋಪುರವನ್ನು ಎನ್ನೋಣ, ಪಕ್ಕಕ್ಕೆ ಇಟ್ಟುಕೊಂಡು ನೋಡುತ್ತಿದ್ದರೆ ಈ ಸತ್ಯ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಗಾಳಿ ಮತ್ತು ಸೆಳೆತ ಎದುರುಬದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಆಸರೆಯ ನೀರಿನಲ್ಲಿ ಅತ್ಯಂತ ಅಪಾಯದ ಜಾಗವೆಂದರೆ ಅಳಿವೆಯ ಬಾಯಿ. ಅಲ್ಲಿ ಮರಳದಿಣ್ಣೆಯಿಂದಾಗಿ ಆಳ ಕಡಿಮೆ, ಇಳಿತದ ನೀರು ಹೊರಗೆ ಧಾವಿಸುತ್ತಿರುತ್ತದೆ, ಕಡಲಿನಿಂದ ಗಾಳಿ ಒಳಗೆ ಬೀಸುತ್ತಿರುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ಅದೇ ಜಾಗ, ಕಡಲಗಾಳಿ ಬಲಿಯುವ ಮಧ್ಯಾಹ್ನದ ಇಳಿತದಲ್ಲಿ ಒಡೆಯುವ ಅಲೆಗಳ ಸಾಲಾಗುತ್ತದೆ. ಅದನ್ನು ದಾಟುವುದು ಏರುವ ನೀರಿನಲ್ಲಿ ಮಾತ್ರ. ಹೊಸಬರು ದಾಟದಿರುವುದೇ ಲೇಸು. ನೆಲದಿಂದ ಕಡಲಿಗೆ ಬೀಸುವ ಗಾಳಿಯೂ ಮೋಸದ್ದು. ದಂಡೆಯ ಬಳಿ ನೀರು ಸಪಾಟಾಗಿರುವುದರಿಂದ ಗಾಳಿಯ ಬಲ ತಿಳಿಯುವುದಿಲ್ಲ. ದೂರ ಹೋದಂತೆ ಅದು ಹೆಚ್ಚುತ್ತದೆ, ಮರಳುವ ಇಡೀ ದಾರಿ ಎದುರುಗಾಳಿಯದ್ದಾಗುತ್ತದೆ.

ದಿನದ ಯೋಜನೆ

ಈಗ ನಕ್ಷೆ ಬಿಡಿಸಿ. ಸರಾಸರಿ ಮೂರು ನಾಟ್ ಎಂದು ಹಿಡಿದು, ಮೊದಲ ಯಾನಕ್ಕೆ ಹೋಗಿಬರುವುದು ಸೇರಿ ಎಂಟು ನಾಟಿಕಲ್ ಮೈಲಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಹೋಗುವಾಗ ಗಾಳಿ ಎದುರಿಗಿದ್ದು ಬರುವಾಗ ಬೆನ್ನಿಗಿರುವ ಗುರಿಯನ್ನು ಆರಿಸಿ. ಸೆಳೆತವೂ ಮರಳುವ ಹೊತ್ತಿಗೆ ನಿಮ್ಮ ಕಡೆ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ದಾರಿಯುದ್ದಕ್ಕೂ ಪ್ರತಿ ಮೈಲಿ ಎರಡು ಮೈಲಿಗೆ, ಗಾಳಿ ಕೆಟ್ಟರೆ ನುಗ್ಗಬಹುದಾದ ಒಂದು ತೊರೆಬಾಯಿಯನ್ನೋ ಮರಳದಂಡೆಯನ್ನೋ ಗುರುತು ಮಾಡಿ. ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಿಬಿಡಬೇಕು ಎಂಬುದನ್ನು ಹೊರಡುವ ಮೊದಲೇ ಬರೆದಿಡಿ, ಏಕೆಂದರೆ ಗುರಿ ಕಣ್ಣಿಗೆ ಕಾಣುತ್ತಿರುವಾಗ ಆ ತೀರ್ಮಾನವನ್ನು ಹೊಸದಾಗಿ ಮಾಡುವುದು ಮನುಷ್ಯರಿಗೆ ಬಲು ಕಷ್ಟ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ, ಎಷ್ಟು ಹೊತ್ತಾದರೂ ಸುದ್ದಿಯಿಲ್ಲದಿದ್ದರೆ ಯಾರಿಗೆ ತಿಳಿಸಬೇಕು ಎಂಬುದು ದಂಡೆಯಲ್ಲಿರುವ ಒಬ್ಬರ ಕೈಯಲ್ಲಿ ಬರಹದಲ್ಲಿರಲಿ.

ದಾರಿಯಲ್ಲಿ ಇತರ ಹಾಯಿದೋಣಿಗಳು ಎದುರಾದರೆ, ಎಡಬದಿಯಿಂದ ಗಾಳಿ ಹಿಡಿದವರು ಬಲಬದಿಯಿಂದ ಹಿಡಿದವರಿಗೆ ದಾರಿ ಬಿಡಬೇಕು. ಇಬ್ಬರದೂ ಒಂದೇ ಬದಿಯಾದರೆ ಗಾಳಿ ಬರುವ ಕಡೆಯಿರುವವರು ಬಿಡಬೇಕು. ಕಿರಿದಾದ ಕಾಲುವೆಯೊಳಗೇ ಸಾಗಬೇಕಾದ ಹಡಗಿಗೆ ಹಾಯಿದೋಣಿ ಅಡ್ಡಬರಬಾರದು ಎಂಬುದು ಕಡಲಿನಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ ಸ್ಪಷ್ಟ ಮಾತು. ಬೋರ್ಡ್ ಎತ್ತಿಕೊಂಡ ಡಿಂಗಿಗೆ ಅರ್ಧ ಮೀಟರ್ ಆಳ ಸಾಕಾಗುವುದರಿಂದ ಕಾಲುವೆಯ ಹೊರಗಿನ ತೆಳುನೀರಿನಲ್ಲಿ ಹೋಗುವುದೇ ಸುಖ. ಹಡಗು ಐದು ಸಲ ಗಿಡ್ಡ ಸದ್ದು ಮಾಡಿದರೆ, ನಿಮ್ಮ ಉದ್ದೇಶ ಅದಕ್ಕೆ ಅರ್ಥವಾಗುತ್ತಿಲ್ಲ ಎಂದು ಅರ್ಥ.

ಲಂಗರು ಹಾಕುವಾಗ ಈಗಿನ ಆಳಕ್ಕಿಂತ ಮುಂದಿನ ಉಬ್ಬರದ ಆಳವನ್ನು ಲೆಕ್ಕ ಹಾಕಿ. ಈಗ ಒಂದೂವರೆ ಮೀಟರ್ ಇದ್ದು ಇನ್ನೂ ಎರಡೂವರೆ ಏರುವುದಾದರೆ, ನಾಲ್ಕು ಮೀಟರಿನ ಆರು ಪಟ್ಟು, 24 ಮೀಟರ್ ಹಗ್ಗ ಬಿಡಬೇಕು; ಲಂಗರು ನೆಲವನ್ನು ಅಡ್ಡವಾಗಿ ಕಚ್ಚಲೆಂದು ಅದರ ತುದಿಯಲ್ಲಿ ಎರಡು ಮೂರು ಮೀಟರ್ ಸರಪಳಿ ಇರಲಿ. ದಂಡೆಗೆ ಗಾಳಿ ಬೀಸುತ್ತಿರುವಾಗ ಇಳಿಯಬೇಕಾದರೆ, ಸ್ವಲ್ಪ ದೂರದಲ್ಲೇ ಗಾಳಿಗೆ ಎದುರು ತಿರುಗಿ ಮುಖ್ಯ ಹಾಯಿ ಇಳಿಸಿ, ಜಿಬ್‌ನಿಂದಲೋ ಹುಟ್ಟಿನಿಂದಲೋ ನಿಧಾನ ಬಂದು, ಬೋರ್ಡ್ ಮತ್ತು ಚುಕ್ಕಾಣಿಯನ್ನು ಎತ್ತಿಕೊಂಡು, ಆಳ ಮೊಣಕಾಲಷ್ಟಾದಾಗ ಗಾಳಿ ಬರುವ ಬದಿಯಿಂದಲೇ ಇಳಿಯಿರಿ. ಇನ್ನೊಂದು ಬದಿಯಿಂದ ಇಳಿದವರ ಮೇಲೆ ಅಲೆ ದೋಣಿಯನ್ನು ತಳ್ಳುತ್ತದೆ.

ಮರಳಿದ ಮೇಲೆ ಮೊದಲ ಕೆಲಸ, ದಂಡೆಯಲ್ಲಿ ಕಾಯುತ್ತಿರುವವರಿಗೆ ಬಂದೆವೆಂದು ತಿಳಿಸುವುದು. ಮರೆತರೆ ಇಲ್ಲದ ದೋಣಿಯನ್ನು ಹುಡುಕಲು ಜನ ಕಡಲಿಗಿಳಿಯುತ್ತಾರೆ. ಆಮೇಲೆ ಹಾಯಿ, ಹಗ್ಗ, ಕೊಕ್ಕೆಗಳನ್ನು ಸಿಹಿನೀರಿನಲ್ಲಿ ತೊಳೆದು, ತೇಲಿಕೆಯ ಟ್ಯಾಂಕುಗಳ ಮುಚ್ಚಳ ತೆರೆದು, ಒಳಗೆ ಎಷ್ಟು ನೀರು ಸೇರಿದೆ ಎಂದು ಸ್ಪಂಜಿನಿಂದ ಹಿಂಡಿ ಅಳೆಯಿರಿ. ಒಂದು ಲೋಟಕ್ಕಿಂತ ಹೆಚ್ಚಿದ್ದರೆ, ಅದು ಎಲ್ಲಿಂದ ಬಂತೆಂದು ಗೊತ್ತಾಗುವವರೆಗೆ ಮುಂದಿನ ಯಾನದ ದಿನ ಗೊತ್ತುಮಾಡಬೇಡಿ.